ಹಳೆ 32-ಬಿಟ್ ಐಪಿಟೇಬಲ್ಸ್, ಹೊಸ 64-ಬಿಟ್ ಕರ್ನಲ್: ಕಮಾಂಡ್ ಓಡಿದರೆ ಸಾಲದು, ರೂಲ್ ಕೂರಬೇಕು

ಪ್ರಶ್ನೆ: ನಮ್ಮ ಗೇಟ್‌ವೇ ಯಂತ್ರದಲ್ಲಿ 32-ಬಿಟ್ ಡೆಬಿಯನ್ ಲಿನಕ್ಸ್ ಇದೆ, ಫೈರ್‌ವಾಲ್ ರೂಲ್ ಹಾಕುವ ಐಪಿಟೇಬಲ್ಸ್ ಕಮಾಂಡ್ 1.4 ಸರಣಿಯದು. ಬೂಟ್ ಆದಾಗ ಒಂದು ಉದ್ದದ ಶೆಲ್ ಸ್ಕ್ರಿಪ್ಟ್ ಒಂದೊಂದೇ ರೂಲ್ ಹಾಕುತ್ತಾ ಹೋಗುತ್ತದೆ. ಸಿಸ್ಟಂನ ತಿರುಳಾದ 32-ಬಿಟ್ ಕರ್ನಲ್‌ಗೆ ಇನ್ನು ಅಪ್‌ಡೇಟ್ ಸಿಗುವುದಿಲ್ಲ ಅಂತ ಕರ್ನಲ್ ಒಂದನ್ನು ಮಾತ್ರ 64-ಬಿಟ್‌ಗೆ ಬದಲಾಯಿಸಿ, ಉಳಿದದ್ದೆಲ್ಲ ಹಾಗೇ ಬಿಟ್ಟೆ. ಬಹುಪಾಲು ರೂಲ್‌ಗಳು ಬಂದವು. ಆದರೆ ಪ್ಯಾಕೆಟ್‌ಗಳನ್ನು ದಾಖಲಿಸುವ ಯುಲಾಗ್ ಇರುವ ಸಾಲುಗಳು "ಆ ಹೆಸರಿನ ಟಾರ್ಗೆಟ್ ಇಲ್ಲ" ಎಂದವು (ಟಾರ್ಗೆಟ್ ಅಂದರೆ ರೂಲ್‌ಗೆ ಹೊಂದಿದ ಪ್ಯಾಕೆಟನ್ನು ಏನು ಮಾಡಬೇಕು ಅನ್ನುವುದು). ಹೊರಗಿನಿಂದ ತಂದು ಸೇರಿಸಿದ್ದ ಒಂದು ಮ್ಯಾಚ್ ಮಾಡ್ಯೂಲ್ (ಪ್ಯಾಕೆಟ್ ರೂಲ್‌ಗೆ ಹೊಂದುತ್ತದಾ ಅಂತ ನೋಡುವ ತುಂಡು) "ಇನ್‌ವ್ಯಾಲಿಡ್ ಆರ್ಗ್ಯುಮೆಂಟ್" ಅನ್ನುತ್ತದೆ, ಕರ್ನಲ್ ಲಾಗ್‌ನಲ್ಲಿ ಸೈಜ್ ಹೊಂದುತ್ತಿಲ್ಲ ಅಂತ ಬರುತ್ತದೆ. ಎಫ್‌ಟಿಪಿ ನಿಂತೇ ಹೋಗಿದೆ. ಇನ್ನೂ ಹೊಸ ಕರ್ನಲ್ ಹಾಕಿ ನೋಡಿದರೆ ರೂಲ್‌ಗಳು ಕೂರುವ ಫಿಲ್ಟರ್ ಟೇಬಲ್ಲೇ ಇಲ್ಲ ಅನ್ನುತ್ತದೆ. 64-ಬಿಟ್ ಮೇಲೆ 32-ಬಿಟ್ ಓಡುವುದೇ ಇಲ್ಲ ಅಂತ ಒಬ್ಬರು ಹೇಳುತ್ತಾರೆ, ಐಪಿಟೇಬಲ್ಸನ್ನೇ ಲಿನಕ್ಸ್‌ನಿಂದ ತೆಗೆದುಹಾಕಿದ್ದಾರೆ ಅಂತ ಇನ್ನೊಬ್ಬರು. ಹಳೆ ಕರ್ನಲ್‌ಗೇ ವಾಪಸ್ ಹೋಗಲಾ? ಯಂತ್ರ ದೂರದಲ್ಲಿದೆ, ಎಸ್‌ಎಸ್‌ಎಚ್ ಬಿಟ್ಟರೆ ಬೇರೆ ದಾರಿ ಇಲ್ಲ.

ಉತ್ತರ: ಮೊದಲು ಒಂದು ಕೆಲಸ ಮಾಡಿ, ಆಮೇಲೆ ಉಳಿದದ್ದನ್ನು ಓದಿ. ಆ ಯಂತ್ರಕ್ಕೆ ಲಾಗಿನ್ ಆಗಿ, ಈಗ ಕರ್ನಲ್ ಒಳಗೆ ನಿಜವಾಗಿ ಯಾವ ರೂಲ್‌ಗಳಿವೆ ಅಂತ ಐಪಿಟೇಬಲ್ಸ್-ಸೇವ್ ಓಡಿಸಿ ನೋಡಿ. ಹೊರಗಿನ ಬೇರೊಂದು ಯಂತ್ರದಿಂದ ಎನ್‌ಮ್ಯಾಪ್ ಹಾಕಿ ಯಾವ ಪೋರ್ಟ್ ತೆರೆದಿದೆ ಅಂತಲೂ ನೋಡಿ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಆತಂಕ ತಂದದ್ದು ಎಫ್‌ಟಿಪಿ ಅಲ್ಲ, "ಬಹುಪಾಲು ರೂಲ್‌ಗಳು ಬಂದವು" ಅನ್ನುವ ಮಾತು. ಫೈರ್‌ವಾಲ್‌ನಲ್ಲಿ ಬಹುಪಾಲು ಅನ್ನುವುದಕ್ಕೆ ಬೆಲೆ ಇಲ್ಲ. ಲಿನಕ್ಸ್‌ನಲ್ಲಿ ಚೈನ್‌ಗಳ (ರೂಲ್‌ಗಳ ಪಟ್ಟಿಗಳ) ಪಾಲಿಸಿ, ಅಂದರೆ ಯಾವ ರೂಲೂ ಹೊಂದದಿದ್ದಾಗಿನ ತೀರ್ಮಾನ, ನೀವಾಗಿ ಬದಲಾಯಿಸದಿದ್ದರೆ ಅಕ್ಸೆಪ್ಟ್ ಆಗಿರುತ್ತದೆ. ಅಂದರೆ ರೂಲ್ ಹಾಕುವ ಟೂಲ್ ಸೋತರೆ ಬಾಗಿಲು ಮುಚ್ಚಿಕೊಳ್ಳುವುದಿಲ್ಲ, ತೆರೆದೇ ಉಳಿಯುತ್ತದೆ. ಸ್ಕ್ರಿಪ್ಟ್ ಒಂದೊಂದೇ ಸಾಲು ಓಡಿಸುವಂಥದ್ದಾದರೆ ಮಧ್ಯದ ಒಂದು ಡ್ರಾಪ್ ರೂಲ್ ಬಿದ್ದುಹೋಗಿ, ಅದರ ಕೆಳಗಿನ ಅಕ್ಸೆಪ್ಟ್ ರೂಲ್ ಮಾತ್ರ ಉಳಿದುಕೊಂಡಿರುತ್ತದೆ. ಯಂತ್ರ ಆರಾಮಾಗಿ ಕೆಲಸ ಮಾಡುತ್ತಿರುತ್ತದೆ, ಯಾರೂ ದೂರು ಕೊಡುವುದಿಲ್ಲ.

ಈಗ ಆ ಇಬ್ಬರ ಮಾತಿಗೆ ಬರೋಣ.

64-ಬಿಟ್ ಕರ್ನಲ್ ಮೇಲೆ 32-ಬಿಟ್ ಪ್ರೋಗ್ರಾಂ ಓಡುವುದಿಲ್ಲ ಅನ್ನುವುದು ತಪ್ಪು. ನಿಮ್ಮ ಶೆಲ್, ನಿಮ್ಮ ಎಸ್‌ಎಸ್‌ಎಚ್ ಸರ್ವರ್ ಎಲ್ಲ ಈಗಲೂ 32-ಬಿಟ್‌ನವೇ, ಓಡುತ್ತಿವೆ ಅಲ್ವಾ? ಕರ್ನಲ್‌ನಲ್ಲಿ ಹೊಂದಾಣಿಕೆಯ ಒಂದು ಪದರ ಇದೆ, ಎಕ್ಸ್86ನಲ್ಲಿ ಅದನ್ನು ಐಎ32 ಎಮ್ಯುಲೇಷನ್ ಅನ್ನುತ್ತಾರೆ, ಅದು ಆನ್ ಆಗಿದ್ದರೆ ಸಾಮಾನ್ಯ ಪ್ರೋಗ್ರಾಂಗಳಿಗೆ ತೊಂದರೆ ಇಲ್ಲ. ಓಡಲು ಸಾಧ್ಯವೇ ಇಲ್ಲದ ವಸ್ತು ಒಂದೇ: ಕರ್ನಲ್ ಮಾಡ್ಯೂಲ್, ಅಂದರೆ ಕರ್ನಲ್ ಒಳಗೇ ಸೇರಿಕೊಳ್ಳುವ ತುಂಡು. 32-ಬಿಟ್‌ಗೆ ಕಟ್ಟಿದ ಮಾಡ್ಯೂಲ್ 64-ಬಿಟ್ ಕರ್ನಲ್ ಒಳಗೆ ಲೋಡ್ ಆಗುವ ಪ್ರಶ್ನೆಯೇ ಇಲ್ಲ, ಮತ್ತೆ ಕಂಪೈಲ್ ಮಾಡಲೇಬೇಕು. ಹಾಗೆ ಮಾಡಹೊರಟರೂ ಹಳೆ ಸೋರ್ಸ್ ಕೋಡ್ ಎಷ್ಟೋ ಸಲ ಒಪ್ಪುವುದಿಲ್ಲ. ಪ್ಯಾಕೆಟ್ ಹಿಡಿಯಲು ಹಳೆ ಮಾಡ್ಯೂಲ್‌ಗಳು ಬಳಸುತ್ತಿದ್ದ ಹುಕ್ ನೋಂದಣಿಯ ಫಂಕ್ಷನ್ 4.13ರಲ್ಲಿ ಹೋಯಿತು, ಅದರ ಜಾಗಕ್ಕೆ ನೆಟ್‌ವರ್ಕ್ ನೇಮ್‌ಸ್ಪೇಸ್ (ಒಂದೇ ಕರ್ನಲ್ ಒಳಗಿನ ಪ್ರತ್ಯೇಕ ನೆಟ್‌ವರ್ಕ್ ಲೋಕ) ಲೆಕ್ಕಕ್ಕೆ ತೆಗೆದುಕೊಳ್ಳುವ ಇನ್ನೊಂದು ಬಂತು.

ಐಪಿಟೇಬಲ್ಸನ್ನು ತೆಗೆದುಹಾಕಿದ್ದಾರೆ ಅನ್ನುವುದು ಅರ್ಧ ನಿಜ, ಮತ್ತು ಈ ಅರ್ಧವೇ ಜನರನ್ನು ಗೊಂದಲಕ್ಕೆ ಹಾಕುವುದು. ಲಿನಕ್ಸ್ ಫೈರ್‌ವಾಲ್ ಟೂಲ್ ಮೊದಲಿಂದಲೂ ಕರ್ನಲ್ ಜೊತೆ ಬದಲಾಗುತ್ತಲೇ ಬಂದಿದೆ. 2.2ರಲ್ಲಿ ಐಪಿಚೈನ್ಸ್ ಇತ್ತು, 2001ರಲ್ಲಿ ಬಂದ 2.4ರ ಜೊತೆ ಐಪಿಟೇಬಲ್ಸ್, 2014ರ ಜನವರಿಯಲ್ಲಿ ಬಂದ 3.13ರ ಜೊತೆ ಎನ್‌ಎಫ್‌ಟೇಬಲ್ಸ್. 2018ರಲ್ಲಿ ಐಪಿಟೇಬಲ್ಸ್ 1.8 ಬಂದಾಗ ಅದೇ ಕಮಾಂಡ್‌ಗೆ ಎರಡು ರೂಪ ಆದವು. ಒಂದು ಹಳೆ ಇಂಟರ್‌ಫೇಸ್ ಮೂಲಕ ಕರ್ನಲ್ ಜೊತೆ ಮಾತಾಡುವ ಲೆಗಸಿ. ಇನ್ನೊಂದು ಅದೇ ಸಾಲುಗಳನ್ನು ತೆಗೆದುಕೊಂಡು ಒಳಗೆ ಎನ್‌ಎಫ್‌ಟೇಬಲ್ಸ್‌ಗೆ ಕೊಡುವ ರೂಪ. ಡೆಬಿಯನ್ 10ರಿಂದ ಈ ಎರಡನೆಯದೇ ಡೀಫಾಲ್ಟ್. ಹಾಗಾಗಿ ಕಮಾಂಡ್ ಎಲ್ಲಿಗೂ ಹೋಗಿಲ್ಲ. ಹೋಗುತ್ತಿರುವುದು ಕರ್ನಲ್ ಒಳಗಿನ ಹಳೆ ಬಾಗಿಲು. ಇತ್ತೀಚಿನ 6 ಸರಣಿಯ ಕರ್ನಲ್‌ಗಳಲ್ಲಿ ಅದನ್ನು ಲೆಗಸಿ ಅನ್ನುವ ಪ್ರತ್ಯೇಕ ಆಯ್ಕೆಯಾಗಿ ಮಾಡಿದ್ದಾರೆ, ಕರ್ನಲ್ ಕಟ್ಟುವವರು ಬೇಕಾದರೆ ಅದನ್ನು ಸೇರಿಸದೆಯೂ ಬಿಡಬಹುದು.

ಹಾಗಾದರೆ ಶೆಲ್, ಎಸ್‌ಎಸ್‌ಎಚ್ ಎಲ್ಲ ಓಡುವಾಗ ಐಪಿಟೇಬಲ್ಸ್ ಮಾತ್ರ ಯಾಕೆ ಎಡವುತ್ತದೆ? ಹಳೆ ಐಪಿಟೇಬಲ್ಸ್ ಒಂದು ರೂಲ್ ಸೇರಿಸಬೇಕಾದರೂ ಇಡೀ ಟೇಬಲನ್ನು ಕರ್ನಲ್‌ನಿಂದ ತರಿಸಿಕೊಳ್ಳುತ್ತದೆ, ತನ್ನ ಮೆಮೊರಿಯಲ್ಲಿ ತಿದ್ದುತ್ತದೆ, ಮತ್ತೆ ಪೂರ್ತಿ ಟೇಬಲನ್ನು ಒಂದೇ ಮುದ್ದೆಯಾಗಿ ಸಾಕೆಟ್ ಆಪ್ಷನ್ ಮೂಲಕ ವಾಪಸ್ ಕಳಿಸುತ್ತದೆ. ಆ ಮುದ್ದೆಯೊಳಗೆ ಯಾವುದು ಎಲ್ಲಿ ಶುರು, ಎಲ್ಲಿ ಮುಗಿಯಿತು ಅನ್ನುವುದಕ್ಕೆ ಗುರುತು ಇಲ್ಲ. ಇಷ್ಟನೇ ಬೈಟ್‌ನಿಂದ ಇಷ್ಟು ಬೈಟ್ ಅನ್ನುವ ಲೆಕ್ಕದ ಮೇಲೆ ಎರಡೂ ಕಡೆ ಓದಿಕೊಳ್ಳುತ್ತವೆ. ಒಂದೇ ಅರ್ಜಿ ಫಾರಂನ ಎರಡು ಮುದ್ರಣ ಇದ್ದ ಹಾಗೆ: ಒಂದರಲ್ಲಿ ಖಾನೆ ಚಿಕ್ಕದು, ಇನ್ನೊಂದರಲ್ಲಿ ದೊಡ್ಡದು, ಒಂದರ ಅಚ್ಚನ್ನು ಇನ್ನೊಂದರ ಮೇಲೆ ಇಟ್ಟು ಓದಿದರೆ ಹೆಸರಿನ ಜಾಗದಲ್ಲಿ ಊರು ಬರುತ್ತದೆ. 32-ಬಿಟ್‌ನಲ್ಲಿ ಪಾಯಿಂಟರ್ 4 ಬೈಟ್, 64-ಬಿಟ್‌ನಲ್ಲಿ 8. ಲಾಂಗ್ ಅನ್ನುವ ಸಂಖ್ಯೆಯೂ ಹಾಗೇ. ಜೊತೆಗೆ ಎಕ್ಸ್86ನ 32-ಬಿಟ್‌ನಲ್ಲಿ 8 ಬೈಟ್‌ನ ಸಂಖ್ಯೆಯನ್ನು 4ರ ಗಡಿಯಲ್ಲೇ ಕೂರಿಸುತ್ತಾರೆ, 64-ಬಿಟ್‌ನಲ್ಲಿ 8ರ ಗಡಿಗೆ ತಳ್ಳುತ್ತಾರೆ, ಮಧ್ಯೆ ಖಾಲಿ ಜಾಗ ಬೀಳುತ್ತದೆ.

ಲಿಮಿಟ್ ಅನ್ನುವ ಮ್ಯಾಚ್ ಇದೆಯಲ್ಲ, ನಿಮಿಷಕ್ಕೆ ಇಷ್ಟೇ ಪ್ಯಾಕೆಟ್ ಅಂತ ಮಿತಿ ಹಾಕುವುದು, ಅದರ ಮಾಹಿತಿ 32-ಬಿಟ್‌ನಲ್ಲಿ 28 ಬೈಟ್, 64-ಬಿಟ್‌ನಲ್ಲಿ 40. ರೂಲ್ ಒಂದೇ, ಅಕ್ಷರವೂ ಬದಲಾಗಿಲ್ಲ, ಅಳತೆ ಮಾತ್ರ ಬೇರೆ.

ಈ ವ್ಯತ್ಯಾಸ ಸರಿದೂಗಿಸಲು ಕರ್ನಲ್‌ನಲ್ಲಿ ಎಕ್ಸ್‌ಟೇಬಲ್ಸ್ ಕಂಪ್ಯಾಟ್ ಅನ್ನುವ ಅನುವಾದದ ಪದರವನ್ನೇ ಬರೆದಿದ್ದಾರೆ. ಕರೆ ಮಾಡಿದ್ದು 32-ಬಿಟ್ ಪ್ರೋಗ್ರಾಂ ಅಂತ ಗೊತ್ತಾದರೆ ಅದು ಪ್ರತಿ ರೂಲನ್ನೂ ಬಿಚ್ಚಿ, ಅಗಲಿಸಿ, ಮತ್ತೆ ಜೋಡಿಸುತ್ತದೆ. ಕರ್ನಲ್ ಜೊತೆಗೇ ಬರುವ ಲಿಮಿಟ್‌ನಂಥ ಮ್ಯಾಚ್‌ಗಳಿಗೆ ಈ ಅನುವಾದ ಗೊತ್ತು. ನಿಮ್ಮ ಬಹುಪಾಲು ರೂಲ್‌ಗಳು ಬಂದದ್ದು ಇದರಿಂದಲೇ. ಹೊರಗಿನಿಂದ ತಂದ ಮಾಡ್ಯೂಲ್‌ನ ಲೇಖಕರು ತಮ್ಮ ಪಾಲಿನ ಅನುವಾದ ಬರೆಯದಿದ್ದರೆ, ಅಥವಾ ಎರಡೂ ಕಡೆ ಒಂದೇ ಅಳತೆ ಬರುವ ಹಾಗೆ ಮಾಹಿತಿಯನ್ನು ಜೋಡಿಸದಿದ್ದರೆ, ಕರ್ನಲ್ ಸೈಜ್ ಹೋಲಿಸಿ ನೋಡಿ ಬೇಡ ಅನ್ನುತ್ತದೆ. ನಿಮ್ಮ ಲಾಗ್‌ನಲ್ಲಿ ಬಂದ ಸಾಲು ಅದೇ. ಕರ್ನಲ್ ಹೀಗೆ ನಿರಾಕರಿಸುವುದು ಒಳ್ಳೆಯದೇ. ತಪ್ಪಾಗಿ ಓದಿಕೊಂಡು ಒಪ್ಪಿಬಿಟ್ಟಿದ್ದರೆ ಕಷ್ಟ ಇನ್ನೂ ಜಾಸ್ತಿ ಇರುತ್ತಿತ್ತು.

ಉಳಿದ ಎರಡು ದೂರುಗಳಿಗೂ ಬಿಟ್‌ಗೂ ಸಂಬಂಧವೇ ಇಲ್ಲ. ಅವು ಬರೀ ಕರ್ನಲ್‌ನ ವಯಸ್ಸಿನಿಂದ ಬಂದವು, ನೀವು 64-ಬಿಟ್ ಟೂಲ್ ಹಾಕಿದರೂ ಹಾಗೇ ಇರುತ್ತವೆ. ಯುಲಾಗ್ ಟಾರ್ಗೆಟನ್ನು 3.17ರಲ್ಲಿ ತೆಗೆದರು. ಅದರ ಜಾಗಕ್ಕೆ ಎನ್‌ಎಫ್‌ಲಾಗ್ ಇದೆ, ಆ ದಾಖಲೆ ಓದಿಕೊಳ್ಳಲು ಯುಲಾಗ್‌ಡಿ ಅನ್ನುವ ಪ್ರೋಗ್ರಾಂನ 2ನೇ ಆವೃತ್ತಿ ಬೇಕು. ಎಫ್‌ಟಿಪಿ ಕಥೆ ಬೇರೆ. ಮೊದಲು ಕನೆಕ್ಷನ್ ಟ್ರ್ಯಾಕಿಂಗ್‌ನ (ಕನೆಕ್ಷನ್‌ಗಳ ಲೆಕ್ಕ ಇಡುವ ಕರ್ನಲ್ ಭಾಗದ) ಎಫ್‌ಟಿಪಿ ಹೆಲ್ಪರ್, ಅಂದರೆ ಎಫ್‌ಟಿಪಿ ಡೇಟಾಗೆ ಬೇಕಾದ ಪೋರ್ಟ್ ಗುರುತಿಸುವ ಮಾಡ್ಯೂಲ್ ಲೋಡ್ ಮಾಡಿದರೆ ಸಾಕಿತ್ತು, ಪೋರ್ಟ್ 21 ನೋಡಿ ತಾನಾಗೇ ಅಂಟಿಕೊಳ್ಳುತ್ತಿತ್ತು. 4.7ರಿಂದ ಈ ತಾನಾಗೇ ಅಂಟಿಕೊಳ್ಳುವುದು ಡೀಫಾಲ್ಟ್ ಆಗಿ ಆಫ್. 6.0ರಲ್ಲಿ ಆನ್ ಮಾಡುವ ಸ್ವಿಚ್ಚನ್ನೂ ತೆಗೆದರು. ಈಗ ರಾ ಟೇಬಲ್‌ನಲ್ಲಿ ಸಿಟಿ ಟಾರ್ಗೆಟ್ ಹಾಕಿ, ಪೋರ್ಟ್ 21ರ ಟಿಸಿಪಿಗೆ ಎಫ್‌ಟಿಪಿ ಹೆಲ್ಪರ್ ಅಂತ ನೀವೇ ಬರೆಯಬೇಕು. ಭದ್ರತೆಯ ದೃಷ್ಟಿಯಿಂದ ಈ ಬದಲಾವಣೆ ಸರಿಯಾದದ್ದು, ಯಾವ ಪ್ಯಾಕೆಟ್‌ಗೆ ಹೊಸ ಪೋರ್ಟ್ ತೆರೆಯುವ ಅಧಿಕಾರ ಕೊಡಬೇಕು ಅಂತ ಈಗ ನಿಮ್ಮ ಕೈಯಲ್ಲಿದೆ. ಮಾಡ್ಯೂಲ್ ಲೋಡ್ ಮಾಡುವುದನ್ನು ಮರೆಯಬೇಡಿ, ನ್ಯಾಟ್ (ಐಪಿ ವಿಳಾಸ ಬದಲಿಸುವುದು) ಇದ್ದರೆ ಅದಕ್ಕೆ ಬೇರೆ ಎಫ್‌ಟಿಪಿ ಮಾಡ್ಯೂಲ್ ಇದೆ, ಅದೂ ಬೇಕು.

ಇನ್ನೂ ಹೊಸ ಕರ್ನಲ್‌ನಲ್ಲಿ ಫಿಲ್ಟರ್ ಟೇಬಲ್ಲೇ ಇಲ್ಲ ಅನ್ನುವುದಕ್ಕೆ ಮೂರು ಕಾರಣ ಇರಬಹುದು. ಲೆಗಸಿ ಟೇಬಲ್‌ಗಳನ್ನೇ ಸೇರಿಸದೆ ಆ ಕರ್ನಲ್ ಕಟ್ಟಿರಬಹುದು. ಲೆಗಸಿ ಇದ್ದೂ ನಾನು ಹೇಳಿದ ಕಂಪ್ಯಾಟ್ ಪದರ ಆಫ್ ಆಗಿರಬಹುದು, ಆಗ 32-ಬಿಟ್ ಟೂಲ್‌ಗೆ ಒಂದೇ ಒಂದು ರೂಲೂ ಕೂರುವುದಿಲ್ಲ, ಬರುವ ಎರರ್ ಮಾತ್ರ ವಿಚಿತ್ರವಾಗಿರುತ್ತದೆ. ಬೂಟ್ ಡೈರೆಕ್ಟರಿಯಲ್ಲಿ ಆ ಕರ್ನಲ್‌ನ ಕಾನ್ಫಿಗ್ ಫೈಲ್ ಇರುತ್ತದೆ, ಅದರಲ್ಲಿ ಎಕ್ಸ್‌ಟೇಬಲ್ಸ್, ಲೆಗಸಿ ಅಂತ ಹುಡುಕಿದರೆ ಈ ಎರಡೂ ತಿಳಿಯುತ್ತವೆ. ಮೂರನೆಯದು ಯಾರ ಕಣ್ಣಿಗೂ ಬೇಗ ಬೀಳುವುದಿಲ್ಲ: ಹೊಸ ಕರ್ನಲ್‌ನ ಮಾಡ್ಯೂಲ್ ಫೈಲ್‌ಗಳು ಎಕ್ಸ್‌ಝಡ್ ಅಥವಾ ಝಡ್‌ಸ್ಟ್ಯಾಂಡರ್ಡ್ ವಿಧಾನದಲ್ಲಿ ಕುಗ್ಗಿಸಿಟ್ಟವಾಗಿರುತ್ತವೆ, ಮಾಡ್ಯೂಲ್ ಲೋಡ್ ಮಾಡುವ ನಿಮ್ಮ ಹಳೆ ಮಾಡ್‌ಪ್ರೋಬ್ ಕಮಾಂಡ್‌ಗೆ ಅದನ್ನು ಬಿಚ್ಚಲು ಬರುವುದಿಲ್ಲ. ಮಾಡ್ಯೂಲ್ ಡಿಸ್ಕ್ ಮೇಲೆ ಇದೆ, ಆದರೂ ಟೇಬಲ್ ಇಲ್ಲ ಅಂತ ಬರುತ್ತದೆ. ಕೈಯಿಂದಲೇ ಮಾಡ್‌ಪ್ರೋಬ್ ಓಡಿಸಿ ನೋಡಿದರೆ ಗೊತ್ತಾಗುತ್ತದೆ.

ಈಗ ಏನು ಮಾಡಬಹುದು ಅಂತ ನೋಡೋಣ.

ಹಳೆ ಕರ್ನಲ್‌ಗೆ ವಾಪಸ್ ಹೋಗುವುದು ಸುಲಭ, ಆದರೆ ಹಾಗೆ ಮಾಡಿ ಅಂತ ನಾನು ಹೇಳುವುದಿಲ್ಲ. ಇಂಟರ್ನೆಟ್‌ಗೆ ನೇರ ಮುಖ ಮಾಡಿ ನಿಂತ ಯಂತ್ರ ಅದು. ಡೆಬಿಯನ್ 13ರಿಂದ 32-ಬಿಟ್ ಎಕ್ಸ್86ಗೆ ಅಧಿಕೃತ ಕರ್ನಲ್ ಇಲ್ಲ, ಆ ದಾರಿ ಮುಂದೆ ಮುಚ್ಚಿಯೇ ಇದೆ. ಬೂಟ್ ಮೆನುವಿನಲ್ಲಿ ಹಳೆಯದನ್ನು ಉಳಿಸಿಕೊಳ್ಳಿ, ಆಪತ್ತಿಗೆ ಅಷ್ಟೇ. ಅದರಿಂದ ಇನ್ನೊಂದು ಉಪಯೋಗ ಇದೆ: ಒಮ್ಮೆ ಅದರಲ್ಲಿ ಬೂಟ್ ಮಾಡಿ, ಎಲ್ಲ ರೂಲ್ ಸರಿಯಾಗಿ ಕೂತಾಗ ಐಪಿಟೇಬಲ್ಸ್-ಸೇವ್ ಕೊಡುವುದನ್ನು ಫೈಲ್ ಮಾಡಿಟ್ಟುಕೊಳ್ಳಿ. ಮುಂದೆ ಏನೇ ಮಾಡಿದರೂ ಹೋಲಿಸಿ ನೋಡಲು ಅದೇ ನಿಮ್ಮ ಮೂಲ ಪ್ರತಿ.

ಈಗಿರುವ ಹಾಗೇ, ಹೊಸ ಕರ್ನಲ್ ಮೇಲೆ 32-ಬಿಟ್ ಟೂಲ್ ಇಟ್ಟುಕೊಂಡು ಕಂಪ್ಯಾಟ್ ಪದರವನ್ನು ನಂಬುವುದು ಎರಡನೆಯ ದಾರಿ. ಕೆಲಸ ಆಗುತ್ತದೆ, ಆದರೆ ಆ ಪದರದ ಚರಿತ್ರೆ ಚೆನ್ನಾಗಿಲ್ಲ. ಬೇರೆ ಬೇರೆ ಉದ್ದದ ಮುದ್ದೆಗಳನ್ನು ಬಿಚ್ಚಿ ಅಗಲಿಸುವ ಕೋಡ್ ಬರೆಯುವುದು ನಿಜಕ್ಕೂ ಕಷ್ಟದ ಕೆಲಸ. 2016ರಲ್ಲಿ ಅಲ್ಲಿ ಒಂದು ಗಂಭೀರ ದೋಷ ಸಿಕ್ಕಿತು, ಭದ್ರತಾ ದೋಷಗಳ ಪಟ್ಟಿಯಲ್ಲಿ ಅದರ ಸಂಖ್ಯೆ ಸಿವಿಇ-2016-4997. 2021ರ ಜುಲೈನಲ್ಲಿ ಗೂಗಲ್‌ನ ಭದ್ರತಾ ಸಂಶೋಧಕರು ಇನ್ನೊಂದನ್ನು ಹೊರಗೆ ಹಾಕಿದರು, ಸಿವಿಇ-2021-22555. ಗಾತ್ರ ಹೊಂದಿಸಲು ಖಾಲಿ ಜಾಗ ತುಂಬುವಾಗ ಕೆಲವೇ ಸೊನ್ನೆ ಬೈಟ್‌ಗಳು ಬಫರ್‌ನ ಆಚೆ ಬೀಳುತ್ತಿದ್ದವು, ಅಷ್ಟರಿಂದಲೇ ಸಾಮಾನ್ಯ ಬಳಕೆದಾರ ರೂಟ್ ಆಗಬಹುದಿತ್ತು, ಕಂಟೇನರ್‌ನಿಂದ ಹೊರಗೂ ಬರಬಹುದಿತ್ತು. ಆ ಸಾಲು 2006ರಲ್ಲಿ 2.6.19ರ ಕಾಲದಿಂದ ಅಲ್ಲೇ ಕೂತಿತ್ತು. ಎರಡೂ ದೋಷ ಸರಿಪಡಿಸಿದ್ದಾರೆ. ಆದರೂ ಆ ಪದರವನ್ನೇ ಆಫ್ ಮಾಡಿ ಕಟ್ಟುವ ಆಯ್ಕೆ ಈಗ ಕರ್ನಲ್‌ನಲ್ಲಿ ಇದೆ, ಬೇಕೋ ಬೇಡವೋ ಗೊತ್ತಿಲ್ಲದಿದ್ದರೆ ಬೇಡ ಅನ್ನಿ ಅಂತಲೇ ಅದರ ಸಹಾಯ ಟಿಪ್ಪಣಿ ಹೇಳುತ್ತದೆ. ಯಾವತ್ತೋ ಒಂದು ಅಪ್‌ಡೇಟ್‌ನಲ್ಲಿ ನಿಮ್ಮ ಕರ್ನಲ್ ಕಟ್ಟುವವರು ಆಫ್ ಮಾಡಬಹುದು, ಆ ರೀಬೂಟ್ ಆದಮೇಲೆ ನಿಮ್ಮಲ್ಲಿ ಒಂದೂ ರೂಲ್ ಇರುವುದಿಲ್ಲ. ಅನಿವಾರ್ಯವಾಗಿ ಕೆಲವು ದಿನ ಹೀಗೇ ಇರಬೇಕಾದರೆ ಸಾಮಾನ್ಯ ಬಳಕೆದಾರರು ಯೂಸರ್ ನೇಮ್‌ಸ್ಪೇಸ್ (ತನ್ನೊಳಗೆ ರೂಟ್‌ನಂತೆ ನಡೆದುಕೊಳ್ಳಲು ಬಿಡುವ ಪ್ರತ್ಯೇಕ ಲೋಕ) ಸೃಷ್ಟಿಸದಂತೆ ಸಿಸ್ಟಂ ಸೆಟ್ಟಿಂಗ್‌ನಲ್ಲಿ ತಡೆಯಿರಿ. ಅಂಥ ದೋಷಗಳನ್ನು ರೂಟ್ ಅಲ್ಲದವರು ಮುಟ್ಟುವುದೇ ಆ ದಾರಿಯಲ್ಲಿ.

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಮಾಡುವುದು ಮೂರನೆಯದು: ಟೂಲ್ ಒಂದನ್ನು 64-ಬಿಟ್ ಮಾಡುವುದು. ಇಡೀ ಸಿಸ್ಟಂ ಬದಲಾಯಿಸಬೇಕಿಲ್ಲ. ಒಂದು ಡೈರೆಕ್ಟರಿಯಲ್ಲಿ ಡಿಬೂಟ್‌ಸ್ಟ್ರ್ಯಾಪ್‌ನಿಂದ ಹೊಸ ಡೆಬಿಯನ್‌ನ ಚಿಕ್ಕ 64-ಬಿಟ್ ಪ್ರತಿ ಇಳಿಸಿ, ಅದರೊಳಗೆ ಐಪಿಟೇಬಲ್ಸ್ 1.8 ಹಾಕಿ, ಕ್ರೂಟ್ ಮಾಡಿ ಓಡಿಸಿ. ಕ್ರೂಟ್ ಫೈಲ್‌ಗಳನ್ನು ಮಾತ್ರ ಬೇರೆ ಮಾಡುತ್ತದೆ, ನೆಟ್‌ವರ್ಕ್ ಅದೇ, ಕರ್ನಲ್ ಅದೇ. ಹಾಗಾಗಿ ಒಳಗಿನಿಂದ ಹಾಕಿದ ರೂಲ್ ಯಂತ್ರಕ್ಕೇ ಬೀಳುತ್ತದೆ. ಪ್ರಾಕ್ ಫೈಲ್‌ಸಿಸ್ಟಂ ಒಳಗೆ ಮೌಂಟ್ ಮಾಡಿರಬೇಕು, ಬೇಕಾದ ಕರ್ನಲ್ ಮಾಡ್ಯೂಲ್‌ಗಳನ್ನು ಹೊರಗೇ ಮೊದಲು ಲೋಡ್ ಮಾಡಿರಬೇಕು. ಇದರಿಂದ ಸೈಜ್ ಜಗಳ ಪೂರ್ತಿ ಮುಗಿಯುತ್ತದೆ, ಕಂಪ್ಯಾಟ್ ಪದರದ ಹಂಗೂ ಇರುವುದಿಲ್ಲ. ಹೊರಗಿನಿಂದ ತಂದ ಆ ಮ್ಯಾಚ್‌ನ ಯೂಸರ್ ಕಡೆಯ ಲೈಬ್ರರಿಯನ್ನು ಮಾತ್ರ 64-ಬಿಟ್‌ಗೆ ಕಂಪೈಲ್ ಮಾಡಬೇಕು. ಅದು ಈಗಲೂ ಬೇಕಾ ಅಂತ ಒಮ್ಮೆ ಯೋಚಿಸಿ, ಎಷ್ಟೋ ಹಳೆ ಸೇರ್ಪಡೆಗಳ ಕೆಲಸವನ್ನು ಈಗ ಕರ್ನಲ್ ಜೊತೆಗೇ ಬರುವ ಮ್ಯಾಚ್‌ಗಳು ಅಥವಾ ವಿಳಾಸಗಳ ಗುಂಪು ಇಡುವ ಐಪಿಸೆಟ್ ಮಾಡುತ್ತವೆ.

ಇಲ್ಲಿ ಒಂದು ಹೊಂಡ ಇದೆ. 1.8ರಲ್ಲಿ ಆವೃತ್ತಿ ಕೇಳಿದರೆ ಪಕ್ಕದಲ್ಲಿ ಲೆಗಸಿ ಅಥವಾ ಎನ್‌ಎಫ್ ಟೇಬಲ್ಸ್ ಅಂತ ತೋರಿಸುತ್ತದೆ, ಅದನ್ನು ನೋಡದೆ ಮುಂದೆ ಹೋಗಬೇಡಿ. ಹಳೆ 32-ಬಿಟ್ ಟೂಲ್ ಹಾಕಿದ ರೂಲ್ ಲೆಗಸಿ ಕಡೆ ಇರುತ್ತದೆ, ಹೊಸದು ಹಾಕಿದ್ದು ಎನ್‌ಎಫ್‌ಟೇಬಲ್ಸ್ ಕಡೆ. ಎರಡೂ ಒಟ್ಟಿಗೆ ಜೀವಂತ ಇರುತ್ತವೆ. ಪ್ಯಾಕೆಟ್ ಎರಡನ್ನೂ ದಾಟಬೇಕು, ಒಂದು ಕಡೆ ಡ್ರಾಪ್ ಆದರೂ ಮುಗಿಯಿತು. ಒಂದು ಕಮಾಂಡ್‌ನಿಂದ ಪಟ್ಟಿ ತೆಗೆದರೆ ಇನ್ನೊಂದರ ರೂಲ್ ಕಾಣುವುದಿಲ್ಲ. ಲೆಗಸಿ ಟೇಬಲ್‌ಗಳೂ ಇವೆ ಅಂತ ಒಂದು ಎಚ್ಚರಿಕೆ ಸಾಲು ಬರುತ್ತದೆ, ಜನ ಅದನ್ನು ಓದದೆ ಬಿಡುತ್ತಾರೆ. ಕಂಟೇನರ್ ಓಡಿಸುವವರಿಗೂ ಇದೇ ಪಾಡು: ಇಮೇಜ್ ಒಳಗಿನ ಹಳೆ ಐಪಿಟೇಬಲ್ಸ್ ಲೆಗಸಿಗೆ ಬರೆಯುತ್ತದೆ, ಹೋಸ್ಟ್ ಎನ್‌ಎಫ್‌ಟೇಬಲ್ಸ್ ಬಳಸುತ್ತದೆ, ಪ್ಯಾಕೆಟ್ ಎಲ್ಲಿ ಸತ್ತಿತು ಅಂತ ದಿನಗಟ್ಟಲೆ ಹುಡುಕಾಟ.

ನಾಲ್ಕನೆಯದು, ನಿಧಾನವಾಗಿ ಕೂತು ಮಾಡಬೇಕಾದದ್ದು, ಎನ್‌ಎಫ್‌ಟೇಬಲ್ಸ್‌ಗೇ ಹೋಗುವುದು. ಅದು ಕರ್ನಲ್ ಜೊತೆ ನೆಟ್‌ಲಿಂಕ್ ಅನ್ನುವ ಸಂದೇಶಗಳ ದಾರಿಯಲ್ಲಿ ಮಾತಾಡುತ್ತದೆ. ಅಲ್ಲಿ ಪ್ರತಿ ತುಂಡಿಗೂ ತನ್ನ ಬಗೆ ಮತ್ತು ಉದ್ದದ ಗುರುತು ಇರುತ್ತದೆ, ಹಾಗಾಗಿ 32, 64 ಅನ್ನುವ ಜಗಳವೇ ಹುಟ್ಟುವುದಿಲ್ಲ. ಆದರೆ ಐಪಿಟೇಬಲ್ಸ್‌ನ ಎನ್‌ಎಫ್‌ಟೇಬಲ್ಸ್ ರೂಪಕ್ಕೆ ಈ ಲಾಭ ಪೂರ್ತಿ ಸಿಗುವುದಿಲ್ಲ, ಅದು ಅನುವಾದ ಗೊತ್ತಿಲ್ಲದ ಹಳೆ ಮ್ಯಾಚ್‌ಗಳನ್ನು ಮುದ್ದೆಯಾಗಿಯೇ ಕರ್ನಲ್‌ಗೆ ದಾಟಿಸುತ್ತದೆ. ರೂಲ್‌ಗಳನ್ನು ಪರಿವರ್ತಿಸಲು ಐಪಿಟೇಬಲ್ಸ್-ರಿಸ್ಟೋರ್-ಟ್ರಾನ್ಸ್‌ಲೇಟ್ ಅನ್ನುವ ಟೂಲ್ ಇದೆ. ಅದು ಬಾರದ ಸಾಲನ್ನು ಕಾಮೆಂಟ್ ಮಾಡಿ ಮುಂದೆ ಹೋಗುತ್ತದೆ. ಆ ಫೈಲನ್ನು ಹಾಗೇ ಲೋಡ್ ಮಾಡಿದರೆ ಒಂದೂ ಎರರ್ ಇಲ್ಲದೆ ಕೂರುತ್ತದೆ, ಆ ಸಾಲುಗಳು ಮಾತ್ರ ಇರುವುದಿಲ್ಲ. ದಯವಿಟ್ಟು ಹ್ಯಾಶ್ ಗುರುತಿನಿಂದ ಶುರುವಾಗುವ ಪ್ರತಿ ಸಾಲನ್ನೂ ಕಣ್ಣಲ್ಲಿ ನೋಡಿ.

ಪರೀಕ್ಷೆ ಮಾಡುವ ಬಗ್ಗೆ ಸ್ವಲ್ಪ ಒತ್ತಿ ಹೇಳುತ್ತೇನೆ. ಐಪಿಟೇಬಲ್ಸ್-ರಿಸ್ಟೋರ್‌ಗೆ ಟೆಸ್ಟ್ ಆಪ್ಷನ್ ಇದೆ, ಅದನ್ನು ನಂಬಿ ಕೂರಬೇಡಿ. ಅದು ಫೈಲ್ ಓದಿ ರೂಲ್ ಕಟ್ಟುತ್ತದೆ, ಕರ್ನಲ್‌ಗೆ ಒಪ್ಪಿಸುವುದಿಲ್ಲ. ನಿಮ್ಮ ತೊಂದರೆ ಶುರುವಾಗುವುದೇ ಒಪ್ಪಿಸುವಾಗ. ಎನ್‌ಎಫ್‌ಟಿ ಕಮಾಂಡ್‌ನ ಚೆಕ್ ಆಪ್ಷನ್ ಹಾಗಲ್ಲ, ಅದು ಕರ್ನಲ್‌ನಿಂದಲೂ ಪರಿಶೀಲನೆ ಮಾಡಿಸಿ ಕೊನೆಗೆ ರದ್ದು ಮಾಡುತ್ತದೆ. ಐಪಿಟೇಬಲ್ಸ್‌ಗೆ ನಾನು ಬಳಸುವ ದಾರಿ ಇದು: ಅನ್‌ಶೇರ್ ಕಮಾಂಡ್‌ನಿಂದ ಖಾಲಿ ನೆಟ್‌ವರ್ಕ್ ನೇಮ್‌ಸ್ಪೇಸ್ ತೆರೆದು, ಅದರೊಳಗೆ ಮೂಲ ಪ್ರತಿಯನ್ನು ರಿಸ್ಟೋರ್ ಮಾಡುತ್ತೇನೆ, ಅಲ್ಲೇ ಸೇವ್ ಓಡಿಸಿ ಬಂದದ್ದನ್ನು ಮೂಲದ ಜೊತೆ ಡಿಫ್ ಹಾಕುತ್ತೇನೆ. ಅದೇ ಕರ್ನಲ್, ಅದೇ ಟೂಲ್, ನಿಜವಾದ ಒಪ್ಪಿಸುವಿಕೆ, ಆದರೆ ಓಡುತ್ತಿರುವ ಫೈರ್‌ವಾಲ್‌ನ ರೂಲ್‌ಗೆ ಏನೂ ಆಗುವುದಿಲ್ಲ. ರೂಲ್‌ನಲ್ಲಿ ಬರೆದ ಇಂಟರ್‌ಫೇಸ್ ಆ ನೇಮ್‌ಸ್ಪೇಸ್‌ನಲ್ಲಿ ಇಲ್ಲದಿದ್ದರೂ ಪರವಾಗಿಲ್ಲ, ಐಪಿಟೇಬಲ್ಸ್ ಅದನ್ನು ಕೇಳುವುದಿಲ್ಲ. ಕೌಂಟರ್ ಮತ್ತು ತಾರೀಖಿನ ಸಾಲು ಬಿಟ್ಟು ಬೇರೆ ಏನೇ ವ್ಯತ್ಯಾಸ ಕಂಡರೂ ಕಾರಣ ಹುಡುಕಿ.

ದೂರದ ಯಂತ್ರ ಅಂದಿರಿ. ಹೊಸ ಕರ್ನಲ್‌ಗೆ ಬೂಟ್ ಮೆನು ನಡೆಸುವ ಗ್ರಬ್‌ನ ಗ್ರಬ್-ರೀಬೂಟ್ ಕಮಾಂಡ್ ಬಳಸಿ, ಅದು ಒಂದೇ ಸಲಕ್ಕೆ ಹೊಸದನ್ನು ಆರಿಸುತ್ತದೆ, ಮತ್ತೆ ರೀಬೂಟ್ ಆದರೆ ಹಳೆಯದಕ್ಕೇ ಬರುತ್ತದೆ. ಅದಕ್ಕೆ ಗ್ರಬ್‌ನ ಡೀಫಾಲ್ಟ್ ಸೇವ್ಡ್ ಅಂತ ಇರಬೇಕು. ಜೊತೆಗೆ ಬೂಟ್ ಆದ ಕಾಲು ಗಂಟೆಗೆ ತಾನಾಗೇ ರೀಬೂಟ್ ಆಗುವಂತೆ ಒಂದು ಟೈಮರ್ ಇಡಿ. ನೀವು ಒಳಗೆ ಬರಲು ಆದರೆ ರದ್ದು ಮಾಡುತ್ತೀರಿ, ಆಗದಿದ್ದರೆ ಯಂತ್ರವೇ ಹಳೆ ಕರ್ನಲ್‌ಗೆ ಮರಳುತ್ತದೆ. ಓಡುತ್ತಿರುವ ಯಂತ್ರದಲ್ಲಿ ರೂಲ್ ಬದಲಾಯಿಸುವಾಗ ಐಪಿಟೇಬಲ್ಸ್-ಅಪ್ಲೈ ಇದೆ, ನೀವು ಸಮಯಕ್ಕೆ ಸರಿಯಾಗಿ ಹೌದು ಅನ್ನದಿದ್ದರೆ ಹಳೆ ರೂಲ್ ವಾಪಸ್ ಹಾಕುತ್ತದೆ.

ಆ ಒಂದೊಂದೇ ಸಾಲಿನ ಸ್ಕ್ರಿಪ್ಟ್‌ಗೆ ಈ ಕೆಲಸದ ಜೊತೆಗೇ ಬೀಳ್ಕೊಡುಗೆ ಕೊಡಿ. ರಿಸ್ಟೋರ್ ಒಂದು ಟೇಬಲನ್ನು ಹಾಕಿದರೆ ಪೂರ್ತಿ ಹಾಕುತ್ತದೆ, ಇಲ್ಲದಿದ್ದರೆ ಏನೂ ಹಾಕುವುದಿಲ್ಲ. ಇದನ್ನು ಬಳಸಿಕೊಂಡು ಎರಡು ಫೈಲ್ ಮಾಡಿ. ಮೊದಲನೆಯದು ತೀರಾ ಚಿಕ್ಕದು: ಇನ್‌ಪುಟ್ ಮತ್ತು ಫಾರ್ವರ್ಡ್ ಪಾಲಿಸಿ ಡ್ರಾಪ್, ಲೂಪ್‌ಬ್ಯಾಕ್, ಆಗಲೇ ಇರುವ ಕನೆಕ್ಷನ್‌ಗಳು, ನಿಮ್ಮ ವಿಳಾಸದಿಂದ ಎಸ್‌ಎಸ್‌ಎಚ್, ಅಷ್ಟೇ. ಯಾವ ವಿಶೇಷ ಮಾಡ್ಯೂಲೂ ಅದರಲ್ಲಿ ಬೇಡ. ಇಂಟರ್‌ಫೇಸ್ ಮೇಲೆ ಬರುವ ಮೊದಲೇ ಅದು ಕೂರಲಿ. ಆಮೇಲೆ ದೊಡ್ಡ ಫೈಲ್. ದೊಡ್ಡದರಲ್ಲಿ ಫಿಲ್ಟರ್ ಟೇಬಲ್ ಸೋತರೂ ಚಿಕ್ಕದು ಜಾಗದಲ್ಲೇ ಇರುತ್ತದೆ, ನೀವು ಒಳಗೆ ಬಂದು ನೋಡಬಹುದು. ಐಪಿವಿ6ಗೂ ಇದೇ ಜೋಡಿ ಬೇಕು, ಅದರ ಟೇಬಲ್ ಬೇರೆ, ಕಮಾಂಡ್ ಬೇರೆ. ಕರ್ನಲ್‌ನ ಐಪಿ ಫಾರ್ವರ್ಡಿಂಗ್ ಸೆಟ್ಟಿಂಗನ್ನು ಬೂಟ್‌ನಲ್ಲಿ ಸೊನ್ನೆಯಾಗಿಯೇ ಇಟ್ಟು, ದೊಡ್ಡ ಫೈಲ್ ಎರರ್ ಇಲ್ಲದೆ ಕೂತಿದೆ ಅಂತ ಸ್ಕ್ರಿಪ್ಟ್‌ಗೆ ಖಾತ್ರಿಯಾದ ಮೇಲಷ್ಟೇ ಅದನ್ನು 1ಕ್ಕೆ ಬದಲಾಯಿಸಿ.